ಸದ್ದು ಮಾಡದ ನಾಲ್ಕನೇದು

...ಅಲ್ಲ ಕಣೇ, ತಪ್ಪು ಕಾರಿಂದು! ಎಷ್ಟು ಸಲ ಬಾಯಿ ಬಡ್ಕೊಳ್ಳಲಿ? ನಂದಲ್ಲ, ನಿಂದಲ್ಲ, ಈ ಹೊಸ ಕಾರಿಂದು! ಮೊದ್ಲು ಆ ಚಕ್ರದ ಹತ್ರದಿಂದ ಎದ್ದು ಬಾ. ನೆಲ ನೋಡ್ಕೊಂಡು ಮಾತಾಡಿದ್ರೆ ಯಾರಿಗೆ ತಿಳೀಬೇಕು? ಬಾ, ಈ ಟೈರ್ ಮೇಲೆ ಕೂತ್ಕೋ, ನನ್ನೆದುರಿಗೆ. ಹಾಂ. ಈಗ ಹೇಳು. ಏನು, ಭಾನುವಾರದ ಕಾರ್ ರ‍್ಯಾಲಿಗೆ ಬರಲ್ವಾ?

ಬರಲ್ಲ! ಎಷ್ಟು ಸಲೀಸಾಗಿ ಅಂದ್ಬಿಟ್ಳು ನೋಡಪ್ಪ! ಅಣ್ಣ ಸ್ಟೀರಿಂಗ್ ಹಿಡಿಯೋದು, ತಂಗಿ ಪಕ್ಕದಲ್ಲಿ ಕೂತು ಹಾಳೆ ನೋಡಿ ಮುಂದಿನ ತಿರುವು ಓದೋದು. ಇದೊಂದು ಬಿಟ್ರೆ ಇನ್ನೇನು ಬರುತ್ತೆ ನಮ್ಮಿಬ್ರಿಗೆ? ನೀನು ಪಕ್ಕದಲ್ಲಿ ಇಲ್ದಿದ್ರೆ ಮುಂದೆ ಎಡವೋ ಬಲವೋ ಯಾರು ಹೇಳ್ತಾರೆ ನಂಗೆ? ನಾನು ಗಾಡಿ ಬಿಟ್ಟು ಮನೇಲಿ ಕೂರ್ಬೇಕು ಅಷ್ಟೆ.

ಒಂದೇ ಒಂದು ಸಲ, ಅದೂ ಪ್ರಾಕ್ಟೀಸಲ್ಲಿ, ಒಂದು ತಿರುವಲ್ಲಿ ಕಾರು ರಸ್ತೆ ಬಿಟ್ಟು ಹೋಯ್ತು. ಅಷ್ಟಕ್ಕೇ... ಯಾಕೆ ನಗ್ತೀಯ? ನಗೋ ಅಂಥದ್ದು ಏನಂದೆ? ಹೌದಪ್ಪ, ಮರಳಿನ ಗುಡ್ಡೆಗೆ ಹೋಗಿ ನುಗ್ತು. ಮರಳಿತ್ತು, ಬದುಕಿದ್ವಿ. ಅದರಾಚೆ ಏನಿತ್ತು ಅಂತ ನಂಗೂ ಗೊತ್ತು. ಏನೂ ಇರ್ಲಿಲ್ಲ, ಬರೀ ಪ್ರಪಾತ. ನಾನೂ ನೋಡಿದೀನಿ, ಆಯ್ತಾ? ಅದನ್ನೇ ಕೆದಕ್ಬೇಡ.

ನಮ್ಮ ಮಿಡತೆ ಯಾವತ್ತಾದ್ರೂ ಹೀಗೆ ಮಾಡಿತ್ತಾ? ಹೇಳು! ಕಂಪನಿ ಲೆಕ್ಕದಲ್ಲಿ ಇದೇ ಕಾರು, ಇದೇ ಹೆಸರು, ಮೊದಲನೇ ಮಾಡೆಲ್ಲು; ಮಿಡತೆ ಅಂತ ಕರೆದೋರು ನಾವು. ಜಪಾನಿನವರು ಅದನ್ನ ಕಾರು ಅಂತ ಮಾಡಿದ್ರೋ ಆಟದ ಸಾಮಾನು ಅಂತ ಮಾಡಿದ್ರೋ! ಬಾಗಿಲು ಬಿಸ್ಕತ್ತು ಡಬ್ಬಿ ಮುಚ್ಚಳದಷ್ಟು ತೆಳು. ನಾಲ್ಕು ಜನ ಕೂತ್ರೆ ಉಸಿರಾಡೋಕೆ ಸರದೀಲಿ ನಿಲ್ಬೇಕು. ಬೆಳಗ್ಗೆ ಚೋಕ್ ಎಳೆದು, ಮುದ್ದು ಮಾಡಿ, ಬೈದು, ಆಮೇಲೆ ಸ್ಟಾರ್ಟ್. ಆದ್ರೆ ಒಂದ್ಸಲ ಹೊರಟ್ರೆ... ಅಬ್ಬಾ! ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟೋವರೆಗೂ ಅರಚ್ತಿತ್ತಲ್ಲೇ! ಮೂರನೇ ಗೇರ್ ಕೇಳ್ತಾ ಇದೆ, ಎರಡಕ್ಕೆ ಇಳಿಸು ಅಂತಾ ಇದೆ, ಎಲ್ಲ ಬಾಯಿ ಬಿಟ್ಟು ಹೇಳ್ತಿತ್ತು. ಮೀಟರ್ ಯಾರು ನೋಡ್ತಿದ್ರು? ಆ ಗಲಾಟೇಲಿ ನೀನು ನನ್ನ ಕಿವಿಗೇ ಬಾಯಿಟ್ಟು ಕೂಗ್ಬೇಕಿತ್ತು. ಸಂಜೆ ಹೊತ್ತಿಗೆ ನಿನ್ನ ಗಂಟಲು ಕೂತೋಗಿ ಮನೇಲಿ ಸನ್ನೆ ಮಾಡ್ತಾ ಓಡಾಡ್ತಿದ್ದೆ. ನೆನಪಿದ್ಯಾ? ಸೌಟು ಬಲ! ಕುಡುಗೋಲು ಎಡ! ಬಳೆ ಬಲ!

ಬೇರೆಯವರೆಲ್ಲ ತಿರುವಿಗೆ ನಂಬರ್ ಕೊಟ್ರೆ ನಾವು ಅಡುಗೆಮನೆ ಸಾಮಾನಿನ ಹೆಸರು ಕೊಟ್ವಿ. ಕುಡುಗೋಲು ಅಡುಗೆಮನೆದಲ್ಲ, ಒಪ್ಕೋತೀನಿ. ಸೌಟಿನ ಹಿಡಿ ಥರ ಸುಮ್ನೆ ಬಾಗಿದ್ರೆ ಸೌಟು. ಚೂಪಾಗಿ ಒಳಕ್ಕೆ ತಿರುಗಿದ್ರೆ ಕುಡುಗೋಲು. ಸುತ್ತಿ ಬಂದು ಹಿಂದಕ್ಕೇ ಮುಖ ಮಾಡಿದ್ರೆ ಬಳೆ. ಎಲ್ಲ ನಕ್ಕರು. ಕಪ್ ಯಾರು ತಂದ್ರು?

ಎರಡನೇದು ಬುಗುರಿ. ಅದನ್ನೂ ಬೈಯಲ್ಲ ನಾನು. ಕಾರ್ಬುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂತು, ಚೋಕ್ ಎಳೆಯೋ ರಗಳೆ ತಪ್ತು. ತಿರುವಲ್ಲಿ ಆಕ್ಸಿಲರೇಟರ್ ಒಂದ್ಚೂರು ಬಿಟ್ರೆ ಸಾಕು, ಹಿಂಬದಿ ತಾನಾಗೇ ಸುತ್ಕೊಂಡು ಬರ್ತಿತ್ತು. ಮಿಡತೆಗಿಂತ ಸ್ವಲ್ಪ ದಪ್ಪ, ಸ್ವಲ್ಪ ಮರ್ಯಾದಸ್ಥ. ಅರಚೋದು ಬಿಟ್ಟು ಹಾಡೋಕೆ ಶುರು ಮಾಡಿತ್ತು. ಆಗಲೇ ಅಲ್ವಾ ನಾವು ಹೆಡ್‌ಸೆಟ್ ತಗೊಂಡಿದ್ದು? ನಿನ್ನ ಗಂಟಲು ಉಳೀತು.

ಆಮೇಲೆ ಬಂತಲ್ಲ ಮೂರನೇದು, ದಿಂಬು! ಮೂಲೆ ಅನ್ನೋದೇ ಇಲ್ಲ, ಎಲ್ಲ ದುಂಡು. ಏರ್‌ಬ್ಯಾಗು, ಪವರ್ ಸ್ಟೀರಿಂಗು, ಬಾಗಿಲೊಳಗೆ ಕಬ್ಬಿಣದ ತೊಲೆ... ಮದುವೆಯಾದ ಮೇಲೆ ಗಂಡಸರು ಊದ್ತಾರಲ್ಲ, ಹಾಗೆ ಊದ್ಕೊಂಡು ಬಂತು. ನನ್ನ ಹೊಟ್ಟೆ ಯಾಕೆ ನೋಡ್ತೀಯ? ಕಾರಿನ ವಿಷಯ ಮಾತಾಡ್ತಿರೋದು! ಹಾಡೋದು ನಿಲ್ಸಿ ಗುನುಗೋಕೆ ಶುರು ಮಾಡ್ತು ಅದು. ಗೇರ್ ಯಾವಾಗ ಬದಲಾಯಿಸ್ಬೇಕು ಅಂತ ಮೀಟರ್ ನೋಡೋ ಗತಿ ಬಂತು ನಂಗೆ. ನಂಗೆ! ಕಣ್ಣು ಮುಚ್ಕೊಂಡು ಗೇರ್ ಹಾಕ್ತಿದ್ದೋನಿಗೆ!

ಏನಂದೆ? ಕೈ ತೆಗಿ ಬಾಯಿಂದ. ಬಾಯಿ ಒರೆಸ್ಕೊಂಡು ಮಾತಾಡಿದ್ರೆ ಹೇಗೆ? ಹಾಂ... ದಿಂಬಿನ ಸದ್ದು ಚೆನ್ನಾಗೇ ಇತ್ತು ಅಂತೀಯಾ? ನಿಂಗೆ ಹಾಗನ್ಸುತ್ತೆ. ಓಡಿಸೋನು ನಾನು.

ಇನ್ನು ಇದು. ನಾಲ್ಕನೇದು. ಗುಮ್ಮನಗುಸಕ! ಸರಿಯಾದ ಹೆಸರಿಟ್ಟಿದೀನಿ. ಟರ್ಬೊ ಅಂತೆ, ಮಿಡತೆಯ ಎರಡರಷ್ಟು ಶಕ್ತಿ ಅಂತೆ. ಇರ್ಲಿ, ಯಾರಿಗೆ ಬೇಕು? ಒಳಗೆ ಏನು ನಡೀತಿದೆ ಅಂತ ಒಂದು ಮಾತು ಆಡಲ್ಲ. ಮುಂದೆ ಟಿವಿ ಥರ ಒಂದು ಪರದೆ. ಹ್ಯಾಂಡ್‌ಬ್ರೇಕ್ ಕೇಳಿದ್ರೆ ಒಂದು ಗುಂಡಿ! ಎಂಜಿನ್ ಸದ್ದು ಸಾಲಲ್ಲ ಅಂತ ಅವರಿಗೇ ಗೊತ್ತಾಗಿ ಸ್ಪೀಕರಲ್ಲಿ ಸುಳ್ಳು ಸದ್ದು ಬಿಡ್ತಾರಂತೆ, ನಾಚಿಕೆಯಾಗ್ಬೇಕು! ಆ ಸುಳ್ಳು ಸದ್ದೂ ನೆಟ್ಟಗಿಲ್ಲ. ಬೆಲ್ಟ್ ಹಾಕ್ದೆ ಇದ್ರೆ ಪಿಪಿ ಅಂತ ಕೂಗುತ್ತೆ ಅಂತ ಮಾರೋನು ಹೇಳಿದ್ದ. ಯಾವತ್ತು ಕೂಗಿದೆ? ಒಂದಿನಾನೂ ಕೂಗಿಲ್ಲ! ಅಲ್ಲೇ ಕೆಟ್ಟಿರೋ ಮಾಲು...

ಯಾಕೆ ಹಾಗ್ ನೋಡ್ತೀಯ?

ಕೂಗುತ್ತಾ? ದಿನಾ? ...ನಿನ್ನ ಕಡೆ ಕೂಗುತ್ತೇನೋ. ನನ್ನ ಕಡೆ ಸ್ಪೀಕರ್ ಹೋಗಿರ್ಬೇಕು. ಹೇಳಿದ್ನಲ್ಲ, ಕೆಟ್ಟ ಮಾಲು ಅಂತ.

ಬ್ರೇಕ್ ವಿಷಯ ಎತ್ಬೇಡ! ಈ ಶೆಡ್ಡಿನ ಮೆಕ್ಯಾನಿಕ್ ತನ್ನ ಕಂಪ್ಯೂಟರ್ ಚುಚ್ಚಿ ನೋಡಿದ್ನಂತೆ, ಆ ತಿರುವಲ್ಲಿ ಬ್ರೇಕನ್ನ ಮುಟ್ಟೇ ಇಲ್ಲ ಅಂತ ತೋರಿಸ್ತಂತೆ. ತೋರಿಸುತ್ತೆ, ಯಾಕೆ ತೋರಿಸಲ್ಲ? ಅದು ಕಾರಿನ ಕಡೆಯದಲ್ವಾ? ತಿರುವು ಇದೆ ಅಂತ ಗೊತ್ತಿದ್ರೆ ತಾನೇ ಬ್ರೇಕ್ ಒತ್ತೋದು? ನೀನು ಹೇಳ್ಬೇಕಿತ್ತು. ಹೇಳಿದ್ಯಾ? ಬಳೆ ಎಡ ಅಂದ್ಯಾ? ಎರಡು ಸಲ ಅಂದ್ಯಾ? ...ಅಂದಿರ್ತೀಯ. ನೀನು ಸುಳ್ಳು ಹೇಳೋಳಲ್ಲ. ಹೆಡ್‌ಸೆಟ್ ನುಂಗ್ಬಿಡ್ತು. ಅದನ್ನೂ ಬದಲಾಯಿಸಿದ್ದಾಯ್ತು, ಇನ್ನೇನು ಮಾಡ್ಲಿ ನಾನು? ಮೊದಲಿನ ಹಾಗೆ ನೀನೂ ಗಟ್ಟಿಯಾಗಿ ಓದಲ್ಲ ಬಿಡು. ಯಾರೂ ಗಟ್ಟಿಯಾಗಿ ಮಾತಾಡಲ್ಲ ಈಗ. ಅಂಗಡಿಯೋನು ಗೊಣಗ್ತಾನೆ, ಫೋನಲ್ಲಿ ಎಲ್ಲರೂ ಗೊಣಗ್ತಾರೆ. ಎಲ್ಲರೂ ಸೇರಿ ನನ್ನ ತಲೆ ಕೆಡಿಸೋಕೆ ಪಣ ತೊಟ್ಟ ಹಾಗಿದೆ.

ನಿಮ್ಮತ್ತಿಗೆ ಏನಾದ್ರೂ ಊದಿದ್ಲಾ? ಟಿವಿ ಜೋರಾಗಿ ಇಡ್ತೀನಿ ಅಂತ? ಟಿವಿ ಹಳೇದು ಕಣೇ! ಅವಳು ಒಗ್ಗರಣೆ ಹಾಕ್ತಾ ಅಡುಗೆಮನೆಯಿಂದ ಕರೆದ್ರೆ ಯಾವ ಗಂಡ ಓಗೊಡ್ತಾನೆ? ಲೋಕದಲ್ಲಿ ಒಬ್ಬನ್ನ ತೋರಿಸು.

ಏನು? ನಿಧಾನಕ್ಕೆ ಹೇಳು. ಕಾರಲ್ಲಿ ಕೂತು... ಎಂಜಿನ್ ಆಫ್ ಮಾಡಿ... ಹೆಡ್‌ಸೆಟ್ ಇಲ್ದೆ ಓದ್ತೀಯಾ? ಯಾಕೆ, ನಂಗೆ ಪರೀಕ್ಷೆನಾ? ನಿನ್ನ ಸೈಕಲ್ ಹಿಂದೆ ಓಡಿ ಓಡಿ ನಿಂಗೆ ಸೈಕಲ್ ಕಲಿಸಿದೋನು ನಾನು. ನಂಗೇ ಪರೀಕ್ಷೆ!

ಪಾಸಾದ್ರೆ ಭಾನುವಾರ ಬರ್ತೀಯಾ? ಮಾತು ತಪ್ಪಬಾರ್ದು. ಸರಿ, ನಡಿ. ಹತ್ತು. ಬಾಗಿಲು ಹಾಕ್ಕೋ. ನೋಡು, ಹಾಕಿದ್ದೂ ಗೊತ್ತಾಗಲ್ಲ ಇದರಲ್ಲಿ, ಹತ್ತಿಯ ಬಾಗಿಲು! ಕೀಲಿ ಇಲ್ಲಿ, ಜೇಬಲ್ಲಿ. ಎಂಜಿನ್ ಆಫ್. ಹಾಳೆ ತಗೋ. ಯಾವ್ದು, ಈ ಸಲದ ಹೊಸ ದಾರಿನಾ? ಹಳೇ ಗುಡ್ಡದ ದಾರಿ ಓದೇ, ಅದು ನಂಗೆ ಬಾಯಿಪಾಠ... ಬೇಡ್ವಾ? ಹೊಸದೇ ಬೇಕಾ? ಆಯ್ತಮ್ಮ, ಹೊಸದೇ. ನೀನು ಓದು, ನಾನು ಸ್ಟೀರಿಂಗ್ ತಿರುಗಿಸ್ತೀನಿ. ಒಂದು ತಪ್ಪಾದ್ರೂ ಕೇಳು.

ಮುಂದೆ ನೋಡ್ಬೇಕಾ? ನಿನ್ನ ಮುಖ ನೋಡ್ಬಾರ್ದಾ? ಅದು ಯಾಕೆ... ಸರಿ. ಸರಿ, ರೇಸಲ್ಲಿ ಯಾರು ಪಕ್ಕದೋರ ಮುಖ ನೋಡ್ತಾರೆ? ನೋಡಲ್ಲ. ಇಗೋ, ಕಣ್ಣು ಗಾಜಿನ ಮೇಲೆ. ಎದುರಿಗೆ ಶೆಡ್ಡಿನ ಗೋಡೆ, ಗೋಡೆ ಹತ್ರ ಮೆಕ್ಯಾನಿಕ್, ಸ್ಪಾನರ್ ಒರೆಸ್ತಾ ಇದಾನೆ. ಇನ್ನೇನೂ ನೋಡ್ತಿಲ್ಲ ನಾನು. ಹೂಂ, ಓದು.

...

ಓದು ಅಂದ್ನಲ್ಲ.

...ಯಾಕೆ, ಮುನಿಸಾ? ಹೆಡ್‌ಸೆಟ್ ಸುದ್ದಿ ಎತ್ತಿದ್ದಕ್ಕಾ? ಆಯ್ತು, ನೀನು ಗಟ್ಟಿಯಾಗೇ ಓದ್ತೀಯ, ನಂದೇ ಬಾಯಿ ಸರಿ ಇಲ್ಲ. ಸಾಕಾ? ಓದು ಈಗ.

...

ನೋಡು, ಇದು ಸರಿಯಲ್ಲ. ಪರೀಕ್ಷೆ ಅಂತ ಕರ್ಕೊಂಡು ಬಂದು ಬಾಯಿಗೆ ಬೀಗ ಹಾಕ್ಕೊಂಡು ಕೂರೋದು ಯಾವ ನ್ಯಾಯ? ನಾನು ಕಾಯ್ತಾ ಇದೀನಿ. ಕೈ ಸ್ಟೀರಿಂಗ್ ಮೇಲೇ ಇದೆ. ಮೊದಲನೇ ತಿರುವಾದ್ರೂ ಹೇಳು!

ಓಹೋ. ಗೊತ್ತಾಯ್ತು. ಬರೋಕೇ ಇಷ್ಟ ಇಲ್ಲ ನಿಂಗೆ, ಅಲ್ವಾ? ಆ ಬಿಳಿ ಕಾರಿನ ಹುಡುಗ ಕರೆದಿದ್ದಾನಲ್ಲ ನಿನ್ನ, ಅವನ ಪಕ್ಕ ಕೂರೋಕೆ. ನಂಗೇನು ತಿಳಿಯಲ್ವಾ? ಹೋಗು! ಹೋಗಿ ಅವನಿಗೆ ಓದು! ಕುಡುಗೋಲು ಅಂದ್ರೆ ಏನು, ಬಳೆ ಅಂದ್ರೆ ಏನು ಅಂತ ಅವನಿಗೆ ಮೊದಲಿಂದ ಕಲಿಸ್ಕೊಂಡು ಕೂತ್ಕೋ! ಇಷ್ಟು ವರ್ಷ ನಿನ್ನ ಬಾಯಿ ಮಾತೊಂದನ್ನೇ ನಂಬಿ ಪ್ರಪಾತದಂಚಲ್ಲಿ ಆಕ್ಸಿಲರೇಟರ್ ಒತ್ತಿದೀನಿ ನಾನು, ಒಂದು ಸಲವಾದ್ರೂ ಅನುಮಾನ ಪಟ್ಟಿದೀನಾ? ನಿಂಗೆ ಒಂದು ಮಾತು ಆಡೋಕೂ ಬೇಜಾರಾ ಈಗ?

ಇವನೊಬ್ಬ! ಏನೋ, ಸ್ಪಾನರ್ ಹಿಡ್ಕೊಂಡು ಬಾಯಿ ಬಿಟ್ಕೊಂಡು ನಿಂತಿದೀಯ? ಅಣ್ಣ ತಂಗಿ ಜಗಳ ನೋಡಿಲ್ವಾ ಯಾವತ್ತೂ? ಏನು ಕೈ ತೋರಿಸ್ತೀಯ? ಪಕ್ಕಕ್ಕಾ? ಪಕ್ಕದಲ್ಲಿ ಏನಿದೆ, ನೋಡ್ಬಾರ್ದು ಅಂತ ಇವಳೇ...

ಪುಟ್ಟಿ?

ನಿನ್ನ ತುಟಿ...

ನಿಲ್ಲಿಸ್ಬೇಡ. ಏನು ಹೇಳ್ತಿದ್ದೆ? ಈ ಬೆರಳು... ಹಾಳೆ ಕೊನೆಗೆ ಬಂದ್ಬಿಟ್ಟಿದೆಯಲ್ಲೇ. ಇಡೀ ದಾರಿ ಓದಿ ಮುಗಿಸ್ಬಿಟ್ಯಾ? ನಾನು ಸ್ಟೀರಿಂಗ್ ಒಂದಿಂಚೂ ತಿರುಗಿಸಿಲ್ಲ... ಅಷ್ಟು ದೂರ ಗೋಡೆ ಹತ್ರ ನಿಂತಿರೋ ಅವನಿಗೂ ಕೇಳಿಸ್ತಾ?

ಅಳ್ಬೇಡ ಕಣೇ. ನಂಗೆ ಭಯ ಆಗುತ್ತೆ, ಅಳ್ಬೇಡ. ಇಷ್ಟು ಮಾತ್ರ ಹೇಳು. ನನ್ನ ಕಡೆ ತಿರುಗಿ ಹೇಳು.

ಓದೋಕೆ ಯಾವಾಗ ಶುರು ಮಾಡಿದ್ದೆ ನೀನು?