ಆಟ ಬಿಡದವನು

ಕಡಬದ ಬಸ್ಸಿಗೆ ಕಾಯುತ್ತ ಪುತ್ತೂರಿನ ನಿಲ್ದಾಣದಲ್ಲಿ ಕೂತಿದ್ದ ರಸೀನಾಳಿಗೆ, ಪಕ್ಕದ ಇಬ್ಬರು ಕಾಲೇಜು ಹುಡುಗರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

"ನೀವು ನಾಲ್ವರೂ ಮೊಬೈಲಿನ ಆ ಯುದ್ಧದಾಟ ಬಿಟ್ಟ ಮೇಲೆ ನಾನೊಬ್ಬನೇ ಆಡುದು, ಜೀವಿತ್. ಮೊದಮೊದಲು ತುಂಬ ಬೇಜಾರಾಗ್ತಿತ್ತು."

"ಮತ್ತೆ ಎಂತಕ್ಕೆ ಬಿಡ್ಲಿಲ್ಲ, ಮಿದ್ಲಾಜ್?"

"ಒಬ್ಬ ಎದುರಾಳಿ ಸಿಕ್ಕಿದ ಮಾರಾಯ. 'ಕಾಡುಪಾಪ' ಅಂತ ಹೆಸರು. ದಿನಾ ನನ್ನ ಕೋಟೆ ಒಡೆಯುದು ಅವನೇ. ಅವನನ್ನೊಮ್ಮೆ ಸೋಲಿಸ್ಬೇಕು ಅಂತ ಹಟ. ಆದ್ರೆ ಒಳ್ಳೆಯವ. ಗೆದ್ದ ಮೇಲೆ 'ಆಟ ಬಿಡಬೇಡ' ಅಂತ ಮೆಸೇಜ್ ಹಾಕ್ತಾನೆ."

ಜೀವಿತ್ ಜೋರಾಗಿ ನಕ್ಕ. "ಅದು ನಾವೇ."

"ಎಂತ?"

"ನಾವು ನಾಲ್ವರೇ, ಆ ಒಂದೇ ಹೆಸರಲ್ಲಿ ಸರದಿಯಲ್ಲಿ ಆಡುದು. ನಾವು ಬಿಟ್ಟದ್ದು ಆಟವನ್ನಲ್ಲ, ನಿನ್ನನ್ನು. ನಿನ್ನ ಜೊತೆ ಆಡುದಕ್ಕಿಂತ ನಿನ್ನನ್ನು ಸೋಲಿಸುದ್ರಲ್ಲಿ ಮಜಾ ಉಂಟು."

ರಸೀನಾ ಚೀಲದಲ್ಲಿ ಏನೋ ಹುಡುಕುವವಳಂತೆ ತಲೆ ತಗ್ಗಿಸಿದಳು.

"ಇವತ್ತೂ ಆಡ್ತೀರಾ?" ಮಿದ್ಲಾಜ್ ಕೇಳಿದ.

"ಇನ್ನು ಎಂತಕ್ಕೆ? ನಿನಗೆ ಗೊತ್ತಾಯ್ತಲ್ಲ."

ಸುಳ್ಯದ ಬಸ್ಸು ಬಂತು. ಜೀವಿತ್ ಹತ್ತಿ ಕೂತ. ಹಿಂದೆಯೇ ಹತ್ತಿದ ಮಿದ್ಲಾಜ್, ಬಸ್ಸಿಡೀ ಖಾಲಿಯಿದ್ದರೂ, ಹೋಗಿ ಅವನ ಪಕ್ಕದಲ್ಲೇ ಕೂತ.