ಪ್ರಸಾದ ಊಟವಲ್ಲವೇ?

ಒಬ್ಬ ಸಾಹುಕಾರನಿದ್ದ. ಯಾವ ಊರು ಎಂದು ಕೇಳಬೇಡಿ, ನಿಮ್ಮೂರೇ ಅಂದುಕೊಳ್ಳಿ. ಅವನ ಪಿತ್ತಕೋಶದಲ್ಲಿ ಕಲ್ಲಾಯಿತು. ಆಪರೇಷನ್ ಆಗಲೇಬೇಕು ಎಂದರು ಡಾಕ್ಟರು. ಇವನು ಏನು ಮಾಡಿದ ಗೊತ್ತೇ? ಜೋಯಿಸರ ಹತ್ತಿರ ಹೋಗಿ ಅದಕ್ಕೂ ಮುಹೂರ್ತ ಇಡಿಸಿಕೊಂಡು ಬಂದ! ನಗಬೇಡಿ, ನೀವಾಗಿದ್ದರೂ ಅದನ್ನೇ ಮಾಡುತ್ತಿದ್ದಿರಿ.

ನರ್ಸಮ್ಮ ಹಿಂದಿನ ದಿನವೇ ಹೇಳಿದ್ದಳು: "ಬೆಳಗ್ಗೆ ಬಾಯಿಗೆ ಏನೂ ಹಾಕ್ಬೇಡಿ ಯಜಮಾನ್ರೇ. ಪ್ರಜ್ಞೆ ತಪ್ಸಿದಾಗ ಹೊಟ್ಟೇಲಿರೋದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದ್ರೆ ಜೀವಕ್ಕೇ ಅಪಾಯ."

ಸಾಹುಕಾರನಿಗೊಬ್ಬ ಅಕ್ಕ. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು. ಬೆಳಗ್ಗೆ ದೇವಸ್ಥಾನದಲ್ಲಿ ಅಭಿಷೇಕ ಮಾಡಿಸಿ, ಪಂಚಾಮೃತ ತಂದು ಬಟ್ಟಲು ತುಂಬ ಕುಡಿಸಿದಳು. ಪ್ರಸಾದ ಊಟವಾಗುತ್ತದೆಯೇ? ಅವಳ ಲೆಕ್ಕದಲ್ಲಿ ಇಲ್ಲ. ನಮ್ಮ ಲೆಕ್ಕದಲ್ಲೂ ಇಲ್ಲ. ಏಕಾದಶಿ ಉಪವಾಸದಲ್ಲಿ ಏನೇನು ಒಳಗೆ ಹೋಗುತ್ತದೆ ಎಂದು ನಮಗೇ ಗೊತ್ತಲ್ಲ!

ಸ್ಟ್ರೆಚರ್ ಹೊರಟಿತು. ಆಪರೇಷನ್ ಕೋಣೆಯ ಬಾಗಿಲಲ್ಲಿ ನರ್ಸಮ್ಮ ತಡೆದು ಕೇಳಿದಳು. "ಏನಾದ್ರೂ ತಗೊಂಡ್ರಾ? ನೀರು, ಕಾಫಿ, ದೇವರ ಪ್ರಸಾದ?"

"ಏನೂ ಇಲ್ಲ, ನಡೀಮ್ಮ. ಹೊತ್ತು ಮೀರುತ್ತೆ" ಎಂದ ಸಾಹುಕಾರ.

ಸ್ಟ್ರೆಚರಿನ ಹಿಂದೆಯೇ ಬಂದಿದ್ದ ಅಕ್ಕ ಇದನ್ನು ಕೇಳಿಸಿಕೊಂಡಳು. ಪ್ರಸಾದವೂ ಸೇರುತ್ತದೆಯೇ? ಹೇಳಿದರೆ ಮುಹೂರ್ತ ತಪ್ಪುತ್ತದೆ, ತಮ್ಮ ಕೆಂಡವಾಗುತ್ತಾನೆ. ಹೇಳದಿದ್ದರೆ? ನೋಡಿ, ಆ ಹೆಣ್ಣುಮಗಳ ಸಂಕಟ ನೋಡಿ!

"ನಾನು ಪಂಚಾಮೃತ ಕುಡಿಸ್ಬಿಟ್ಟೆ ಕಣಮ್ಮಾ" ಎಂದಳು. ಸ್ಟ್ರೆಚರ್ ವಾರ್ಡಿಗೆ ವಾಪಸ್ಸು ಬಂತು.

"ಎಲ್ಲಾ ಕೆಡಿಸಿಬಿಟ್ಟೆಯಲ್ಲಕ್ಕ!" ಎಂದು ಸಾಹುಕಾರ ಗೋಡೆಯ ಕಡೆ ತಿರುಗಿ ಮಲಗಿದ. ಅಕ್ಕ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ನರ್ಸಮ್ಮ ಬೈದಳೇ? ಬೈಯಲಿಲ್ಲ. ಕುರ್ಚಿ ಎಳೆದುಕೊಟ್ಟು, "ಹೇಳಿ ಒಳ್ಳೇದು ಮಾಡಿದ್ರಮ್ಮ" ಎಂದಳು.

ಸ್ವಲ್ಪ ಹೊತ್ತಿಗೆ ಸಾಹುಕಾರನಿಗೆ ಹೊಟ್ಟೆ ತೊಳೆಸಿತು. ನರ್ಸಮ್ಮ ಓಡಿಬಂದು, ಮಗ್ಗುಲಾಗಿ ತಿರುಗಿಸಿ, ಬೇಸಿನ್ ಹಿಡಿದಳು. ಹಾಲು, ಬಾಳೆಹಣ್ಣು, ಕುಡಿದದ್ದೆಲ್ಲ ಬಂತು. ಅವಳು ಬಾಯಿ ಒರೆಸುವಾಗ ಸಾಹುಕಾರ ಆ ಬೇಸಿನ್ನನ್ನೇ ನೋಡುತ್ತಿದ್ದ. ಆಮೇಲೆ ಅಕ್ಕನ ಕೈ ಹಿಡಿದುಕೊಂಡ. "ಅಕ್ಕಾ, ಇದು ಒಳಗೆ ಆಗಿದ್ದಿದ್ರೆ?"

ಮರುದಿನ ಡಾಕ್ಟರು ಕೊಟ್ಟ ಹೊತ್ತಿಗೆ ಮುಹೂರ್ತವಿರಲಿಲ್ಲ. ರಾಹುಕಾಲವಂತೆ! ಆಪರೇಷನ್ ಸುಸೂತ್ರವಾಗಿ ಆಯಿತು.

ಈಗ ನಿಮ್ಮ ಮಾತಿಗೆ ಬರೋಣ. ನಿಮ್ಮವರು ಹಾಸಿಗೆ ಹಿಡಿದರೆ ನೀವೂ ಬುಟ್ಟಿ ತುಂಬಿಕೊಂಡು ಓಡುತ್ತೀರಿ. ಎಳನೀರು, ಇಡ್ಲಿ, ಹರಕೆಯ ಪ್ರಸಾದ. ಪ್ರೀತಿಯಿಂದಲೇ ತರುತ್ತೀರಿ, ನನಗೆ ಗೊತ್ತು. ನರ್ಸ್ ಬೇಡ ಎಂದರೆ ಅವಳು ಆಚೆ ಹೋಗುವುದನ್ನೇ ಕಾದು ಕೊಡುತ್ತೀರಿ. ಕೊಡುತ್ತೀರೋ ಇಲ್ಲವೋ? ತಲೆ ತಗ್ಗಿಸಬೇಡಿ, ಮಾತು ಕೇಳಿ. ಬುಟ್ಟಿ ಬಿಚ್ಚುವ ಮುಂಚೆ ಅವಳನ್ನು ಕೇಳಿ. ಬೇಡವೆಂದರೆ ಪ್ರಸಾದವನ್ನು ರೋಗಿಯ ಕಣ್ಣಿಗೊತ್ತಿ ನೀವೇ ತಿನ್ನಿ, ದೇವರು ಬೇಸರಪಡುವುದಿಲ್ಲ. ಕೊಟ್ಟೇಬಿಟ್ಟಿದ್ದೀರಾ? ಬೈಗುಳಕ್ಕೆ ಹೆದರಿ ಸುಮ್ಮನಿರಬೇಡಿ. ಆ ಬಾಗಿಲು ಮುಚ್ಚುವ ಮುಂಚೆ ಹೇಳಿಬಿಡಿ. ಮುಚ್ಚಿದ ಮೇಲೆ ಒಳಗಿರುವವರಿಗೆ ಹೇಳಲು ಬಾಯಿಲ್ಲ.