ಮೊದ್ಲು ನೀನೊಂದು ಗುಟುಕು ಕುಡಿ

ಅಲ್ಲ ಕಣೇ, ಹನ್ನೊಂದಲ್ಲ, ನಾಲ್ಕು. ಯಾರು ಹೇಳಿದ್ದು ನಿಂಗೆ ಹನ್ನೊಂದು ಅಂತ? ಕೋರ್ಟಲ್ಲಿ ರುಜುವಾತಾಗಿದ್ದು ನಾಲ್ಕು. ಜಾವಗಲ್ಲಿನ ಜನ ಅದನ್ನ ಆರು ಮಾಡಿದ್ರು, ಅರಸೀಕೆರೆ ಮುಟ್ಟೋ ಹೊತ್ತಿಗೆ ಒಂಬತ್ತಾಗಿತ್ತು, ಈಗ ನಿಮ್ಮ ಕಾಲೇಜಲ್ಲಿ ಹನ್ನೊಂದಾಗೈತೆ. ನಮ್ಮಪ್ಪ ನಮ್ಮವ್ವ ಜೈಲಲ್ಲಿ ಕೂತ್ಕಂಡೇ ಇನ್ನೂ ಏಳು ಜನನ್ನ ಕೊಂದವ್ರೆ ನೋಡು. ಆ ಫೋನು ಆ ಕಡೆ ಮಡಗು ಮಗ. ಅದ್ರಲ್ಲಿ ಅದೇನೋ ಸೀರಿಯಲ್ ಕಿಲ್ಲರ್ ಅಂತ ಮ್ಯೂಜಿಕ್ ಹಾಕ್ಕಂಡು ಹೇಳ್ತಾನಲ್ಲ ಆ ಹುಡುಗ, ಅವನಿಗೇನು ಗೊತ್ತು? ಅಂಥೋರ ಹೊಟ್ಟೇಲಿ ಹುಟ್ಟಿದೋಳು ನಾನು ಇಲ್ಲಿ ಜಗುಲಿ ಮೇಲೆ ಅವರೆಕಾಯಿ ಬಿಡಿಸ್ತಾ ಕೂತಿದೀನಿ, ನನ್ನ ಕೇಳೋದು ಬಿಟ್ಟು ಅವನ್ನ ಕೇಳ್ತೀಯಲ್ಲ. ಇಬ್ರೂ ಕೂತ್ಕಳಿ. ಸುಮ್ನೆ ಕೂರ್ಬೇಡಿ, ಕಾಯಿ ಬಿಡಿಸ್ತಾ ಕೇಳಿ.

ನಮ್ಮ ಹೋಟ್ಲು ಇದ್ದಿದ್ದು ಜಾವಗಲ್ಲಿಂದ ಹಳೇಬೀಡಿಗೆ ಬರೋ ರಸ್ತೇಲಿ. ಹೋಟ್ಲು ಅಂದ್ರೆ ಬೋರ್ಡು ಗೀರ್ಡು ಏನಿಲ್ಲ, ತೆಂಗಿನ ಗರಿ ಚಪ್ಪರ, ಎರಡು ಬೆಂಚು, ಹಿಂದ್ಗಡೆ ನಮ್ಮ ಮನೆ. ಕೊಬ್ಬರಿ ಯಾಪಾರಕ್ಕೆ ಓಡಾಡೋರು ಬರೋರು, ಸಂತೆಗೆ ಹೋಗೋರು ಬರೋರು. ಹೇಳ್ಬಾರ್ದು, ಆದ್ರೂ ಹೇಳ್ತೀನಿ, ನಮ್ಮವ್ವ ಮಾಡ್ದಂಗೆ ಸಾರು ಆ ಸೀಮೇಲೇ ಯಾರೂ ಮಾಡ್ತಿರ್ಲಿಲ್ಲ. ಸತ್ತೋರೂ ಚೆನ್ನಾಗಿ ಉಂಡೇ ಸತ್ರು, ಅಷ್ಟ್ ಮಾತ್ರ ನಿಜ. ನಗ್ಬೇಡ್ವೇ. ನಾನು ನಗ್ಬೋದು, ನೀನು ನಗ್ಬಾರ್ದು. ಎಲೆ ಹಾಕಿ ನೀರು ಇಡೋದು ನನ್ನ ಕೆಲ್ಸ. ಆಗ ನಂಗೆ ಎಂಟು ವರ್ಷ, ಅಲ್ಲ, ಒಂಬತ್ತು ತುಂಬಿತ್ತು ಅನ್ಸುತ್ತೆ. ಬೆರಳಲ್ಲಿ ಉಂಗುರ, ಕೊರಳಲ್ಲಿ ಸರ ಹಾಕ್ಕಂಡು ಯಾರಾದ್ರೂ ಒಬ್ರೇ ಬಂದ್ರೆ, ಅವ್ವ ಒಲೆ ಮುಂದಿಂದ ಬಗ್ಗಿ ನೋಡೋಳು. "ಆ ಅಣ್ಣಂಗೆ ನೀನು ಬಡಿಸ್ಬೇಡ, ನಾನೇ ಬಡಿಸ್ತೀನಿ" ಅನ್ನೋಳು. ಅವ್ರಿಗೆ ಬೇರೆ ಲೋಟದಲ್ಲಿ ಗಸಗಸೆ ಪಾಯಸ. ಮನೆ ಮಗಳು ನಂಗೆ ಹಬ್ಬಕ್ಕೂ ಇಲ್ದಿರೋ ಪಾಯಸ. ಹೊಟ್ಟೆ ಉರ್ಕಂಡು ಸಾಯ್ತಿದ್ದೆ ನಾನು. ಉಂಡಾದ ಮೇಲೆ ಅವ್ರಿಗೆ ತಲೆ ತಿರುಗೋದು, ನಮ್ಮಪ್ಪ ಹೆಗಲ ಮೇಲೆ ಕೈ ಹಾಕಿ, ಬಸ್ಸಿಗೆ ಹತ್ತಿಸಿ ಬತ್ತೀನಿ ಅಂತ ಕರ್ಕಂಡು ಹೋಗೋನು. ನಂಗೆ ಅಪ್ಪನ ಮೇಲೆ ಎಂಥ ಹೆಮ್ಮೆ ಅಂತೀಯ. ಗಿರಾಕಿನ ಬಸ್ಸಿನ ತಂಕ ಬಿಡೋ ಹೋಟ್ಲೋರು ಎಲ್ಲವ್ರೆ ಹೇಳು.

ಒಂದಿನ ಯಾರೋ ಅರ್ಧ ಕುಡ್ದು ಬಿಟ್ಟಿದ್ದ ಪಾಯಸದ ಲೋಟ ಎತ್ತಿ ಬಾಯಿ ಹತ್ರ ತಂದೆ ನೋಡು. ಅವ್ವ ಎಲ್ಲಿದ್ಲೋ ಏನೋ, ಓಡ್ಬಂದು ಒಂದು ಕೊಟ್ಲು ಕೆನ್ನೆಗೆ, ಲೋಟ ಹೋಗಿ ರಸ್ತೇಲಿ ಬಿತ್ತು. ಆಮೇಲೆ ನನ್ನ ಬಾಯೊಳಗೆ ಬೆರಳು ಹಾಕಿ ತಡಕಿ ತಡಕಿ ನೋಡಿದ್ಲು, ಏನೂ ಇಲ್ಲ ಅಂತ ಗೊತ್ತಾದ್ಮೇಲೆ ನನ್ನ ತಬ್ಕಂಡು ಗಡಗಡ ನಡುಗಿದ್ಲು. ನಾನು ಪಾಯಸ ಹೋಯ್ತಲ್ಲ ಅಂತ ಅತ್ತೆ. ನೀವು ಏನಾದ್ರೂ ಅಂದ್ಕಳಿ, ನಂಗೆ ಇವತ್ತಿಗೂ ಅವ್ವ ಅಂದ್ರೆ ಪ್ರೀತಿನೇ. ಆದ್ರೆ ಆ ನಾಲ್ಕು ಜನಕ್ಕೂ ಮನೇಲಿ ಮಕ್ಕಳಿದ್ರಲ್ಲ, ಅಪ್ಪ ಬತ್ತಾನೆ ಅಂತ ಕಾಯ್ತಾ ಕೂತಿದ್ರಲ್ಲ, ಅದು ನೆನಪಾದ್ರೆ ಎದೆ ಹಿಂಡ್ತೈತೆ. ಎಲೆ ಹಾಕಿದ್ದು ನಾನೇ ಅಲ್ವ.

ಸಿಕ್ಕಾಕ್ಕಂಡಿದ್ದು ನಮ್ಮಪ್ಪನ ಸೋಕಿಯಿಂದ. ನಾಲ್ಕನೇವ್ನ ತಮ್ಮ ಹುಡುಕ್ಕಂಡು ಬಂದ್ರೆ, ಇವನು ಅವರಣ್ಣನ ಉಂಗುರನೇ ಬೆರಳಿಗೆ ಹಾಕ್ಕಂಡು ಬೆಂಚಿನ ಮೇಲೆ ಕಾಲ್ಮೇಲೆ ಕಾಲ್ ಹಾಕ್ಕಂಡು ಕೂತವ್ನೆ. ಆ ಕಡೆ ಅವ್ರಿಬ್ರೂ ಜೈಲಿಗೆ ಹೋದ್ರು, ಈ ಕಡೆ ನಾನು ಮಾದಿಹಳ್ಳಿಗೆ ಬಂದೆ, ನಮ್ಮ ದೊಡ್ಡವ್ವನ ಮನೆಗೆ, ಅವ್ವನ ಅಕ್ಕ. ಅವ್ವ ಮೂರು ವರ್ಷಕ್ಕೇ ಜ್ವರ ಬಂದು ಜೈಲಲ್ಲೇ ಹೋದ್ಲು. ದೊಡ್ಡವ್ವ ಒಳ್ಳೇಳೇ, ಊರು ಒಳ್ಳೇದಲ್ಲ. ಅಲ್ಲ, ಊರೂ ಒಳ್ಳೇದೇ ಬಿಡು, ಹೆದರಿತ್ತು ಅಷ್ಟೆ. ನನ್ನ ಕೈಯಿಂದ ಯಾರೂ ಏನೂ ಮುಟ್ತಿರ್ಲಿಲ್ಲ. ಬಂದೋರಿಗೆ ನೀರು ಬೆಲ್ಲ ಕೊಟ್ರೆ ಬಾಯಾರಿಕೆ ಇಲ್ಲ ಅನ್ನೋರು, ಮೂರು ಮೈಲಿ ಬಿಸಿಲಲ್ಲಿ ನಡ್ಕಂಡು ಬಂದೋರು. ಇನ್ನು ಊರೋರ ಹಾಲೆಲ್ಲ ಅಳೆಸ್ಕಂಡು ಕೊಳ್ಳೋನು ಒಬ್ಬನಿದ್ದ, ನಾನು ಹಾಲು ತಗಂಡು ಹೋದ್ರೆ "ಮೊದ್ಲು ನೀನೊಂದು ಗುಟುಕು ಕುಡಿ" ಅನ್ನೋನು. ದಿನಾ ಬೆಳಿಗ್ಗೆ ಎಲ್ಲಾರ ಮುಂದೆ ಒಂದು ಗುಟುಕು ಹಸಿ ಹಾಲು ಕುಡಿಯೋದು, ಅವ್ರೆಲ್ಲ ನಾನು ಬೀಳ್ತೀನೇನೋ ಅಂತ ನೋಡೋದು, ನಾನು ಬೀಳ್ದೆ ಇದ್ರೆ ಅಳೆಯೋದು. ಹತ್ತು ವರ್ಷ. ಹಲ್ಲು ಇವತ್ತಿಗೂ ಗಟ್ಟಿ ಇರೋದು ಅದಕ್ಕೇ. ಕೊನೆಗೆ ಅದೇ ಚಾಳಿ ಆಗೋಯ್ತು, ಯಾರಿಗೆ ಏನು ಕೊಟ್ರೂ ಮೊದ್ಲು ನಾನು ಬಾಯಿಟ್ಟು, ಆಮೇಲೆ ಕೊಡೋದು. ನಂಗೆ ಬೇಕಾಗಿದ್ದು ಒಂದೇ ಕಣೇ. ಒಡವೆ ಬೇಡ, ಸೀರೆ ಬೇಡ. ನಾನು ಕೊಟ್ಟಿದ್ದನ್ನ ಯಾರಾದ್ರೂ ಒಬ್ರು ಹಿಂದೆ ಮುಂದೆ ನೋಡ್ದೆ ತಿಂದ್ರೆ ಸಾಕಾಗಿತ್ತು.

ಆಮೇಲೆ ನನ್ನ ನೋಡೋಕೆ ಗಂಡಿನೋರು ಬಂದ್ರು, ಇದೇ ಬಸ್ತಿಹಳ್ಳಿಯಿಂದ. ನಿಮ್ಮ ತಾತ, ಅವ್ರ ಅವ್ವ, ಅವ್ರ ಮಾವ. ಎಲ್ಲಾ ಗೊತ್ತಿದ್ದೇ ಬಂದಿದ್ರು. ನಿಮ್ಮ ತಾತಂಗೂ ಹೆಣ್ಣು ಸಿಕ್ತಿರ್ಲಿಲ್ಲ, ಕಣ್ಣು ಮೆಳ್ಳೆ. ಒಂದು ಕಣ್ಣು ನನ್ನ ನೋಡ್ತಿದ್ರೆ ಇನ್ನೊಂದು ಹಸು ನೋಡ್ತಿತ್ತು. ದೊಡ್ಡವ್ವ ಮೂರು ಲೋಟ ಕಾಫಿ ತಟ್ಟೇಲಿ ಇಟ್ಟು ಕಳಿಸಿದ್ಲು. ಹೋಗಿ ಮುಂದೆ ಹಿಡಿದೆ. ಯಾರೂ ಕೈ ಚಾಚಲಿಲ್ಲ. ಮಾವ ಸೂರು ನೋಡ್ತಾವ್ರೆ, ತಾತ ಎಲ್ಲಿ ನೋಡ್ತಾವ್ರೋ ದೇವ್ರಿಗೇ ಗೊತ್ತು. ಏನು ಮಾಡ್ದೆ ಅಂತೀಯ, ತಟ್ಟೆ ಕೆಳಗಿಟ್ಟು, ಒಂದೊಂದೇ ಲೋಟ ಎತ್ಕಂಡು ಮೂರರಿಂದಲೂ ಒಂದೊಂದು ಗುಟುಕು ಕುಡ್ದು, ಸೆರಗಲ್ಲಿ ಲೋಟದ ಬಾಯಿ ಒರೆಸಿ ಅವ್ರ ಮುಂದೆ ಇಟ್ಟೆ. ನಂಗೆ ಅದು ಮರ್ಯಾದೆ. ದೊಡ್ಡವ್ವ ಒಳಗಿಂದ ಅಯ್ಯೋ ಅಂದಿದ್ದು ಕೇಳಿಸ್ತು. ಅಷ್ಟ್ರಲ್ಲಿ ಆ ಮಾವ ಧಡಕ್ಕಂತ ಎದ್ದು ನಿಂತ, ಹೆಣ್ಣು ನೋಡೋಕೆ ಬಂದೋರಿಗೆ ಎಂಜ್ಲು ಕೊಡ್ತಾಳಲ್ಲ, ಇದೆಂಥ ಮನೆ ಅಂತ ಟವೆಲ್ಲು ಕೊಡವಿದ. ಆಗ ನಮ್ಮತ್ತೆ ಅಂದಿದ್ದು ಇವತ್ತಿಗೂ ನನ್ನ ಕಿವೀಲೈತೆ.

"ಕೂತ್ಕಳೋ ಸುಮ್ನೆ. ಇಷ್ಟೊತ್ತು ವಿಷ ಅಂತ ಕುಡೀಲಿಲ್ಲ, ಈಗ ಎಂಜ್ಲು ಅಂತ ಕುಡಿಯಲ್ಲ ಅಂತೀಯ. ಯಾವ್ದಾದ್ರೂ ಒಂದು ಹೇಳು."

ಅಂದೋಳೇ ಲೋಟ ಎತ್ತಿ ಗಟಗಟ ಕುಡ್ದು, ಸಕ್ಕರೆ ಕಮ್ಮಿ ಆಯ್ತು ಅಂದ್ಲು. ನಾನು ಅಲ್ಲೇ ಕೂತು ಅತ್ತೆ. ನಿಮ್ಮ ತಾತ ಅವ್ರ ಅವ್ವನಿಗೆ ಹೆದರಿ ಕುಡಿದ್ರೋ, ನನ್ನ ಮೇಲೆ ಮನಸಾಗಿ ಕುಡಿದ್ರೋ, ಸಾಯೋ ತಂಕ ಬಾಯಿ ಬಿಡಲಿಲ್ಲ. ಮದ್ವೆ ಆಗಿ ಈ ಮನೆಗೆ ಬಂದ ದಿನವೇ ನಮ್ಮತ್ತೆ ಒಲೆ ಮುಂದೆ ಕೂರಿಸ್ಕಂಡು ಹೇಳಿದ್ಲು, ಇನ್ನೊಂದ್ ಸಲ ಬಾಯಿಟ್ಟು ಬಡಿಸಿದ್ರೆ ಸೌಟಲ್ಲಿ ಬಾರಿಸ್ತೀನಿ ಅಂತ. ಬಾರಿಸಿದ್ಲು ಕೂಡ, ಎರಡು ಸಲ. ಮೂರನೇದಕ್ಕೆ ಬಿಟ್ಟೋಯ್ತು.

ನಮ್ಮಪ್ಪ ಬಂದಿದ್ದು ಆಮೇಲೆ, ನಿಮ್ಮಪ್ಪ ಇಸ್ಕೂಲಿಗೆ ಹೋಗ್ತಿದ್ದಾಗ. ಬಿಡುಗಡೆ ಆಗೈತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಹಳೇಬೀಡಲ್ಲಿ ಬಸ್ಸಿಳಿದು ನಡ್ಕಂಡು ಬಂದಿದ್ದ, ಮಧ್ಯಾಹ್ನ, ಬಟ್ಟೆ ಚೀಲ ಹಿಡ್ಕಂಡು. ತಲೆ ಪೂರಾ ಬೆಳ್ಳಗೆ. ನಾನು ಬಾಗ್ಲಲ್ಲೇ ನಿಂತೆ, ಒಳಗೆ ಬಾ ಅನ್ನೋಕೂ ಆಗ್ಲಿಲ್ಲ, ಹೋಗು ಅನ್ನೋಕೂ ಆಗ್ಲಿಲ್ಲ. ನಮ್ಮತ್ತೆ ಒಳಗಿಂದ, ಊಟದ ಹೊತ್ತಿಗೆ ಬಂದವ್ರೆ, ಮೊದ್ಲು ಊಟ ಹಾಕು, ಬೈಯೋದಿದ್ರೆ ಆಮೇಲೆ ಬೈಯಿ ಅಂದ್ಲು. ಬಿಸಿ ಮುದ್ದೆ, ಹುರುಳಿಕಾಳಿನ ಬಸ್ಸಾರು. ತಟ್ಟೆ ಇಟ್ಟೆ. ಅವ್ನು ತಟ್ಟೆ ನೋಡ್ದ, ನನ್ನ ನೋಡ್ದ, ತಿರ್ಗ ತಟ್ಟೆ ನೋಡ್ದ. ಜೈಲಲ್ಲಿ ಇಷ್ಟು ವರ್ಷ ಮಗಳು ಬಂದು ಒಂದು ಸಲಾನೂ ನೋಡ್ಲಿಲ್ಲ ಅಂತ ಅವನ ಮನಸಲ್ಲಿ ಏನೇನು ಬೇಯ್ತಿತ್ತೋ. ಮೆಲ್ಲಗೆ ಅಂದ, "ನೀನೊಂದು ತುತ್ತು ತಿನ್ನು ಮಗ ಮೊದ್ಲು."

ಊರೆಲ್ಲ ಅಂದಿತ್ತು ಕಣ್ರೋ ಆ ಮಾತ. ಅನ್ನೋಕೆ ಅವ್ರಿಗೆ ಕಾರಣ ಇತ್ತು, ಆ ಕಾರಣ ಇವನೇ. ಇವನೂ ಅಂದ್ಬುಟ್ನಲ್ಲ. ಅಳು ಬರ್ಬೇಕಿತ್ತು, ನಂಗೆ ನಗು ಬಂತು, ಹೊಟ್ಟೆ ಹಿಡ್ಕಂಡು ನಕ್ಕೆ. ಆಮೇಲೆ ಹೇಳ್ದೆ, ನಾನು ಬಾಯಿಟ್ಟು ಕೊಡಲ್ಲ ಅಪ್ಪ, ನಮ್ಮತ್ತೆ ಬೇಡ ಅಂದವ್ರೆ, ತಿಂದ್ರೆ ತಿನ್ನು, ಇಲ್ದಿದ್ರೆ ಬಿಡು ಅಂತ. ಅವನ ಎದುರಿಗೇ ನಮ್ಮತ್ತೆ, ನಿಮ್ಮ ತಾತ, ಮಕ್ಳು ಎಲ್ಲಾ ಅದೇ ಮುದ್ದೆ ಮುರ್ಕಂಡು ಉಣ್ತಾವ್ರೆ, ಇನ್ನೊಂಚೂರು ಸಾರು ಹಾಕು ಅಂತಾವ್ರೆ. ಇವನ ಮುದ್ದೆ ಆರಿ ಕಲ್ಲಾಯ್ತು. ಮುಟ್ಲಿಲ್ಲ. ಎದ್ದು ಚೀಲ ತಗಂಡು, ಹಸ್ಕಂಡೇ ಹೋದ. ಕೂಗಿ ಕರೀಲಿಲ್ಲ ನಾನು. ಆ ತಟ್ಟೆ ತೊಳೆಯೋವಾಗ ಮಾತ್ರ ಅತ್ತೆ.

ಆಮೇಲೆ ಅರಸೀಕೆರೆ ಕಡೆ ಯಾವ್ದೋ ಮಠದಲ್ಲಿ ದಾಸೋಹಕ್ಕೆ ಕೂರ್ತಿದ್ದನಂತೆ, ಸಾಯೋ ತಂಕ. ಅಲ್ಲೂ ಪಕ್ಕದೋನು ಉಂಡು ಮುಗ್ಸಿ, ಬಾಳೆ ಎಲೆ ಎತ್ತಿದ ಮೇಲೇನೇ ಇವನು ಅನ್ನಕ್ಕೆ ಕೈ ಹಾಕ್ತಿದ್ದಿದ್ದಂತೆ. ಒಂದು ದಿನಾನೂ ಬಿಸಿ ಊಟ ಉಣ್ಣಲಿಲ್ಲ ಪಾಪಿ. ಅದಕ್ಕೇ ಹೇಳೋದು ಮಕ್ಳೇ, ಯಾರಾದ್ರೂ ಪ್ರೀತಿಯಿಂದ ತಟ್ಟೆ ಇಟ್ರೆ ಬಿಸಿ ಇರೋವಾಗ್ಲೇ ಉಂಡುಬಿಡ್ಬೇಕು. ಉಪ್ಪು ಕಮ್ಮಿ ಇದ್ರೆ ಕೇಳಿ ಹಾಕಿಸ್ಕಳಿ, ಬೇರೆ ಏನೂ ಕೇಳ್ಬೇಡಿ.